ಅಂಗಳದಲ್ಲೊಂದು ಕೇಪಳ

ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಕೇಪಳದ ಪರಿಚಯ ಮಾಡಿಕೊಡಬೇಕಾಗಿಲ್ಲ. ಶಾಲೆಗೆ ಹೋಗುವ ಗುಡ್ಡದ ದಾರಿಯ ಎರಡು ಬದಿಗೂ ಯಾರೂ ನೆಡದೆ, ಯಾರೂ ನೀರೆರೆಯದೆ, ಮುರಕಲ್ಲಿನ ಸಂದಿಯಲ್ಲಿ ಬೇರೂರಿ, ಬೇಸಗೆಯ ಬಿಸಿಲಿಗೆ ಸುತ್ತಣ ಹುಲ್ಲೆಲ್ಲ ಒಣಗಿ ಹೋದಾಗಲೂ ಕೆಂಡದ ಗೊಂಚಲಿನಂಥ ಹೂವನ್ನು ಹೊತ್ತು ನಿಲ್ಲುವ ಪೊದೆ ಅದು. ದೇವಿಯ ಪೂಜೆಗೆ ಅದು ಬೇಕು. ಭೂತದ ಕೋಲಕ್ಕೂ ಬೇಕು. ಅದರ ಕುಡಿ ತಂಬುಳಿಗಾಗುತ್ತದೆ. ಹೂವಿನ ನಳಿಕೆಯನ್ನು ಕಿತ್ತು ಬುಡವನ್ನು ಚೀಪಿದರೆ ನಾಲಗೆಯ ತುದಿಗೆ ಒಂದಿಷ್ಟು ಸವಿ ತಾಗುತ್ತದೆ. ಉತ್ತರ ಕನ್ನಡದ ಕಡೆ ಇದನ್ನೇ ಕುಸುಮಾಲೆ ಎನ್ನುವರು. ಬಯಲುಸೀಮೆಯವರು ನರ್ಸರಿಗೆ ಹೋಗಿ, ‘ಇಕ್ಸೋರಾ’ ಎಂದು ಚೀಟಿ ಅಂಟಿಸಿದ ಕುಂಡವನ್ನು ಹಣ ಕೊಟ್ಟು ತರುವರು. ಆ ಕುಂಡದಲ್ಲಿರುವುದು ಕೆಲವು ಸಲ ನಮ್ಮ ಕೇಪಳವೇ, ಕೆಲವು ಸಲ ಅದರ ದಾಯಾದಿ.

ಇಕ್ಸೋರಾ ಎಂಬ ಹೆಸರು ವಿಲಾಯತಿಯದೆಂದು ನಾನು ಬಹುಕಾಲ ಭಾವಿಸಿದ್ದೆ. ಕನ್ನಡ ಪಂಡಿತನ ವೃತ್ತಿಯವನಿಗೆ ಶಬ್ದದ ಬೆನ್ನು ಹತ್ತುವ ಚಾಳಿ ಬಿಡದಷ್ಟೆ. ಒಮ್ಮೆ ಹುಡುಕಿ ನೋಡಿದಾಗ ನಗು ಬಂದಿತು. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಎಂಬಾತನು ಮಲಬಾರಿನ ಗಿಡಮರಗಳನ್ನೆಲ್ಲ ಚಿತ್ರ ಬರೆಸಿ, ಸ್ಥಳೀಯ ವೈದ್ಯರಿಂದ ಕೇಳಿ ತಿಳಿದು, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ‘ಹೋರ್ಟಸ್ ಮಲಬಾರಿಕಸ್’ ಎಂಬ ಗ್ರಂಥವನ್ನು ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚು ಹಾಕಿಸಿದನು. ಅದರಲ್ಲಿ ಈ ಗಿಡ ಮಲಯಾಳದ ‘ಚೆತ್ತಿ’ ಎಂಬ ಹೆಸರಿನಿಂದ ಬಂದಿದೆ. ಮುಂದೆ 1753ರಲ್ಲಿ ಸ್ವೀಡನ್ನಿನ ಲಿನೇಯಸ್ಸನು ಇದನ್ನು ಇಕ್ಸೋರಾ ಕಾಕ್ಸೀನಿಯಾ ಎಂದು ಕರೆದನು. ಕಾಕ್ಸೀನಿಯಾ ಎಂದರೆ ಕಡುಗೆಂಪು. ಇಕ್ಸೋರಾ ಎಂದರೆ ಬೇರಾರೂ ಅಲ್ಲ, ನಮ್ಮ ಈಶ್ವರ! ಪೋರ್ಚುಗೀಸರ ಬರವಣಿಗೆಯಲ್ಲಿ ‘ಎಕ್ಸ್’ ಅಕ್ಷರಕ್ಕೆ ಶಕಾರದ ಉಚ್ಚಾರಣೆಯುಂಟು. ಅವರು ‘ಇಶೋರ’ ಎಂದು ಬರೆದುಕೊಂಡದ್ದನ್ನು ಮಿಕ್ಕವರು ‘ಇಕ್ಸೋರಾ’ ಎಂದು ಓದಿದರು. ಹೀಗೆ ಈಶ್ವರನು ಸಮುದ್ರ ದಾಟಿ, ವೇಷ ಬದಲಾಯಿಸಿ, ನರ್ಸರಿಯ ಚೀಟಿಯ ಮೇಲೆ ಕುಳಿತು ಮರಳಿ ಬಂದನೆನ್ನಬೇಕು.

ಇಷ್ಟು ಗಟ್ಟಿಮುಟ್ಟಾದ ಗಿಡವನ್ನು ನಾನು ಸಾಯಿಸುವುದಕ್ಕೆ ಸ್ವಲ್ಪವೇ ಬಾಕಿಯಿತ್ತು. ಅದರ ಕತೆಯನ್ನು ಹೇಳದೆ ಬೆಳೆಸುವ ಬಗೆಯನ್ನು ಹೇಳುವುದು ನನಗೆ ಅಸಾಧ್ಯ.

ನನ್ನ ಹುಟ್ಟೂರು ಪುತ್ತೂರಿನ ಕಡೆ. ಕೆಲಸ ಮೈಸೂರಿನ ಸಮೀಪ. 2015ರ ಮಳೆಗಾಲದಲ್ಲಿ ಊರಿಗೆ ಹೋದಾಗ ಮನೆಯ ಹಿಂದಿನ ಗುಡ್ಡದಿಂದ ಬೇರು ಬಂದಿದ್ದ ಒಂದು ಕೇಪಳದ ಸಸಿಯನ್ನು ಮಣ್ಣುಸಹಿತ ಕಿತ್ತು ತಂದು, ಹೊಸದಾಗಿ ಕಟ್ಟಿಸಿದ್ದ ಮನೆಯ ಮುಂಗೋಡೆಯ ಬುಡದಲ್ಲಿ ನೆಟ್ಟೆ. ಎಲೆ ಕಡುಹಸುರು, ಗೋಡೆ ಬಿಳುಪು, ಹೂ ಬಿಟ್ಟಾಗ ನೋಟಕ್ಕೆ ಚೆನ್ನಾಗಿರುವುದೆಂಬುದು ನನ್ನ ಲೆಕ್ಕ. ಆರು ತಿಂಗಳಲ್ಲಿ ಚಿಗುರು ಹಳದಿಗೆ ತಿರುಗಿತು. ಗೊಬ್ಬರದ ಅಂಗಡಿಯವರೊಬ್ಬರು ಪೊಟ್ಟಣವೊಂದನ್ನು ಕೊಟ್ಟರು, ಹಾಕಿದೆ. ಹಳದಿ ಹೆಚ್ಚಿತು. ನಮ್ಮ ಹಿತ್ತಿಲಿನ ಬದನೆಗೆ ಒಲೆಬೂದಿ ಚೆನ್ನಾಗಿ ಹಿಡಿಸುತ್ತದಲ್ಲ, ಇದಕ್ಕೂ ಆಗಲಿ ಎಂದು ಎರಡು ಬೊಗಸೆ ಬೂದಿ ಹಾಕಿದೆ. ಎರಡನೆಯ ವರ್ಷ ಹೊಸ ಎಲೆ ಹೆಚ್ಚುಕಡಿಮೆ ಬಿಳಿಚಿಕೊಂಡು, ಅಂಚು ಸುಟ್ಟು ಮುರುಟಿತು. ಅಮ್ಮ ಭಾನುವಾರ ಭಾನುವಾರ ಫೋನಿನಲ್ಲಿ ಗಿಡದ ವಿಚಾರ ಕೇಳುವರು. ಬೂದಿಯ ಮಾತು ಕೇಳಿದವರೇ,

“ಕೇಪಳಕ್ಕೆ ಬೂದಿ ಹಾಕುವುದುಂಟಾ ಮಾರಾಯ! ಗುಡ್ಡೆಯಲ್ಲಿ ಅದಕ್ಕೆ ಯಾರು ಬೂದಿ ಹಾಕಿದ್ದಾರೆ?” ಎಂದು ಬಿಟ್ಟರು.

ಅದೇ ವಾರ ನಮ್ಮ ಶಾಲೆಯ ವಿಜ್ಞಾನದ ಅಧ್ಯಾಪಕಿಯವರಿಗೆ ಈ ಸಂಗತಿ ತಿಳಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಸರ್, ಹಳದಿಯಾಗಿರುವುದು ಹಳೆಯ ಎಲೆಯೋ, ಹೊಸ ಎಲೆಯೋ?”

ಹೊಸದು, ಅದೂ ನರಗಳು ಮಾತ್ರ ಹಸುರಾಗಿ ಉಳಿದು ನಡುವಣ ಭಾಗ ಹಳದಿ, ಎಂದೆ.

“ಹಾಗಾದರೆ ಕಬ್ಬಿಣ ಸಿಗುತ್ತಿಲ್ಲ” ಎಂದರು.

ಈ ಪ್ರಶ್ನೆಯ ಬೆಲೆಯನ್ನು ಗಿಡ ಸಾಕುವವರೆಲ್ಲರೂ ತಿಳಿದಿರಬೇಕು. ಸಾರಜನಕ ಕಡಿಮೆಯಾದರೆ ಗಿಡವು ಹಳೆಯ ಎಲೆಯಲ್ಲಿರುವುದನ್ನು ಹಿಂದಕ್ಕೆ ತೆಗೆದು ಹೊಸ ಚಿಗುರಿಗೆ ಕಳುಹಿಸುತ್ತದೆ. ಆದುದರಿಂದ ಕೆಳಗಿನ ಎಲೆ ಮೊದಲು ಹಳದಿಯಾಗುವುದು. ಕಬ್ಬಿಣದ ಸ್ವಭಾವ ಹಾಗಲ್ಲ. ಒಂದು ಎಲೆಯಲ್ಲಿ ಸೇರಿದ ಕಬ್ಬಿಣ ಸುಲಭವಾಗಿ ಮತ್ತೊಂದಕ್ಕೆ ಹೋಗದು. ಬೇರಿನಿಂದ ಹೊಸದಾಗಿ ಬಾರದಿದ್ದರೆ ಚಿಗುರೇ ಮೊದಲು ಸೊರಗುತ್ತದೆ. ಹಾಗೆಂದು ಮಣ್ಣಿನಲ್ಲಿ ಕಬ್ಬಿಣ ಇರಲಿಲ್ಲವೆ? ಧಾರಾಳವಾಗಿತ್ತು. ಆದರೆ ಮಣ್ಣು ಕ್ಷಾರವಾದಾಗ ಕಬ್ಬಿಣ ನೀರಿನಲ್ಲಿ ಕರಗದೆ ಕಲ್ಲಾಗಿ ಕೂಡುತ್ತದೆ. ಕಣಜದ ತುಂಬ ಭತ್ತವಿದ್ದು ಬಾಗಿಲಿಗೆ ಬೀಗ ಬಿದ್ದರೆ ಮನೆಯವರ ಗತಿ ಏನೋ ಗಿಡದ ಗತಿಯೂ ಅದೇ.

ಆ ಬೀಗ ಹಾಕಿದವನು ನಾನೇ. ಗೋಡೆ ಕಟ್ಟುವಾಗ ಉದುರಿದ ಸಿಮೆಂಟು, ಗಾರೆ, ಸುಣ್ಣದ ಚೂರು ಬುಡದ ಮಣ್ಣಿನಲ್ಲಿ ತುಂಬಿದ್ದವು. ಕೊಳವೆಬಾವಿಯ ಗಡಸು ನೀರು, ಪಾತ್ರೆಯ ತಳದಲ್ಲಿ ಬಿಳಿಯ ಪಟ್ಟು ಕಟ್ಟುವಂಥ ನೀರು, ದಿನವೂ ಬೀಳುತ್ತಿತ್ತು. ಸಾಲದುದಕ್ಕೆ ಬೂದಿ! ಇವೆಲ್ಲ ಕ್ಷಾರದ ಬಳಗ. ಕೇಪಳವೋ ಮುರಕಲ್ಲಿನ ಗುಡ್ಡದ ಹುಳಿಮಣ್ಣಿನ ಮಗು. ವರ್ಷ ವರ್ಷದ ಭಾರಿ ಮಳೆಗೆ ಸುಣ್ಣದ ಅಂಶವೆಲ್ಲ ತೊಳೆದು ಹೋಗಿ ಹುಳಿಯಾದ ಮಣ್ಣು ಅದು. ವಿಜ್ಞಾನದವರ ಪಿ.ಎಚ್. ಎಂಬ ಅಳತೆಯಲ್ಲಿ 7 ಎಂದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ. ಕೇಪಳಕ್ಕೆ ಹಿತವಾದದ್ದು 5ರಿಂದ 6ರ ಆಸುಪಾಸು. ಗಟ್ಟಿ ಗಿಡವೆಂದರೆ ಎಲ್ಲಿ ನೆಟ್ಟರೂ ಬದುಕುವ ಗಿಡವೆಂದು ನಾವು ತಿಳಿಯುತ್ತೇವೆ. ಬರ ತಡೆಯಬಲ್ಲದು, ಬಿಸಿಲು ತಡೆಯಬಲ್ಲದು, ದನ ಮುರಿದರೆ ಮತ್ತೆ ಚಿಗುರಬಲ್ಲದು. ಸುಣ್ಣವನ್ನು ಮಾತ್ರ ತಡೆಯಲಾರದು.

ಮಳೆ ಹಿಡಿದ ಮೇಲೆ ಗಿಡವನ್ನು ಕಿತ್ತು ಗೋಡೆಯಿಂದ ಆರು ಅಡಿ ಈಚೆಗೆ ತಂದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಅಲ್ಲಿಯ ಮಣ್ಣನ್ನು ಹೊರಗೆ ಹಾಕಿ, ಕೆಮ್ಮಣ್ಣು ಎರಡು ಪಾಲು, ಕೊಳೆತ ತರಗೆಲೆ ಒಂದು ಪಾಲು, ಹಳೆಯ ಸೆಗಣಿಗೊಬ್ಬರ ಒಂದು ಪಾಲು ಬೆರೆಸಿ ತುಂಬಿದೆ. ಬುಡದಲ್ಲಿ ನೀರು ನಿಲ್ಲಬಾರದು. ನಿಂತರೆ ಬೇರು ಕೊಳೆಯುತ್ತದೆ. ಆದುದರಿಂದ ಗುಂಡಿಯ ಮಣ್ಣನ್ನು ನೆಲಕ್ಕಿಂತ ನಾಲ್ಕು ಬೆರಳು ಎತ್ತರಿಸುವುದು ಒಳ್ಳೆಯದು. ಮೇಲೆ ತರಗೆಲೆಯ ಹೊದಿಕೆ. ತಾರಸಿಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದು, ಬೇಸಗೆಯಲ್ಲಿ ಸಾಧ್ಯವಾದಷ್ಟು ದಿನ ಅದನ್ನೇ ಹಾಕಿದೆ.

ತಕ್ಷಣದ ಉಪಚಾರಕ್ಕೆ ಅಧ್ಯಾಪಕಿಯವರು ಹೇಳಿದ್ದು ಫೆರಸ್ ಸಲ್ಫೇಟು. ಹೆಸರು ಕೇಳಿ ಹೊಸ ಮದ್ದೆಂದುಕೊಂಡೆ. ಪೊಟ್ಟಣ ಬಿಚ್ಚಿದರೆ ನಮ್ಮ ಅನ್ನಭೇದಿ! ಅಳಲೆಕಾಯಿಯ ಕಷಾಯಕ್ಕೆ ಇದನ್ನು ಬೆರೆಸಿ ನಮ್ಮ ಹಿರಿಯರು ಮಸಿ ಮಾಡುತ್ತಿದ್ದರು. ಒಂದು ಲೀಟರು ನೀರಿಗೆ 5 ಗ್ರಾಮಿನಷ್ಟು ಅನ್ನಭೇದಿ ಕರಗಿಸಿ, ನಾಲ್ಕು ತೊಟ್ಟು ನಿಂಬೆರಸ ಹಿಂಡಿ, ಬಿಸಿಲಿಳಿದ ಮೇಲೆ ಎಲೆಗೆ ಸಿಂಪಡಿಸಬೇಕು. ಹತ್ತು ಹದಿನೈದು ದಿನಕ್ಕೊಮ್ಮೆ, ಎರಡು ಮೂರು ಸಲ ಸಾಕು. ಕರಗಿಸಿದ್ದನ್ನು ಅಂದೇ ಮುಗಿಸಬೇಕು. ಬಟ್ಟೆಗೋ ಮೊಸಾಯಿಕ್ ನೆಲಕ್ಕೋ ಬಿದ್ದರೆ ತುಕ್ಕಿನ ಕಲೆ ಹೋಗದು, ಮನೆಯಾಕೆಯ ಕೋಪವೂ ಬೇಗ ಇಳಿಯದು. ಇದು ಮಣ್ಣನ್ನು ಸರಿಪಡಿಸುವ ಮದ್ದಲ್ಲವೆಂಬುದನ್ನು ಮರೆಯಬಾರದು. ಹಸಿದವನಿಗೆ ಕೈತುತ್ತು ಮಾತ್ರ.

ಗಿಡ ಮಾಡಿಕೊಳ್ಳುವವರಿಗೆ ಕಡ್ಡಿಯೇ ಸುಲಭ. ಬೀಜದಿಂದಲೂ ಬರುತ್ತದೆ, ನಿಧಾನ. ಜೂನ್ ಜುಲೈ ತಿಂಗಳ ಮಳೆಯಲ್ಲಿ ಹೂವಿಲ್ಲದ ರೆಂಬೆಯೊಂದನ್ನು ಆರಿಸಬೇಕು. ತೀರ ಎಳತೂ ಆಗಬಾರದು, ಬಲಿತು ಬೂದು ಬಣ್ಣಕ್ಕೆ ತಿರುಗಿದ್ದೂ ಆಗಬಾರದು. ಐದಾರು ಅಂಗುಲ ಉದ್ದಕ್ಕೆ ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ತುದಿಯ ಎರಡು ಎಲೆ ಬಿಟ್ಟು ಮಿಕ್ಕುದನ್ನು ತೆಗೆದು, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿ, ಮರಳು ಬೆರೆತ ಕೆಮ್ಮಣ್ಣಿನಲ್ಲಿ ಎರಡು ಗೆಣ್ಣು ಹೂಳುವಂತೆ ನೆರಳಲ್ಲಿ ನೆಡಬೇಕು. ಬೇರು ಬರಲು ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ಬೇರು ಬಂತೇ ಎಂದು ವಾರಕ್ಕೊಮ್ಮೆ ಕಿತ್ತು ನೋಡುವವರಿಗೆ ಈ ಗಿಡ ಒಲಿಯದು. ಗೂಟಿ ಕಟ್ಟುವ ಕೈಚಳಕವಿದ್ದವರು ರೆಂಬೆಯ ಸಿಪ್ಪೆಯನ್ನು ಒಂದಂಗುಲ ಉಂಗುರವಾಗಿ ತೆಗೆದು, ಒದ್ದೆ ತೆಂಗಿನ ನಾರು ಸುತ್ತಿ, ಪ್ಲಾಸ್ಟಿಕ್ಕು ಕಟ್ಟಿ ಬಿಟ್ಟರೆ ಸ್ವಲ್ಪ ದೊಡ್ಡ ಗಿಡವೇ ಸಿಗುತ್ತದೆ. ನೆಡುವ ಜಾಗದಲ್ಲಿ ದಿನಕ್ಕೆ ನಾಲ್ಕೈದು ಗಂಟೆಯಾದರೂ ಬಿಸಿಲಿರಲಿ. ನೆರಳಲ್ಲಿ ಗಿಡ ಬದುಕೀತು, ಹೂವನ್ನು ಮಾತ್ರ ಕೇಳಬಾರದು.

ನನ್ನ ಗಿಡ 2018ರ ಮಾರ್ಚಿಯಲ್ಲಿ ಮೊದಲ ಗೊಂಚಲು ಬಿಟ್ಟಿತು. ಅಲ್ಲಿಂದ ಮುಂದೆ ಬೆಳಗಿನ ಕಾಫಿಯ ಲೋಟದೊಡನೆ ಅದರ ಮುಂದೆ ಕುಳಿತುಕೊಳ್ಳುವುದು ನನಗೊಂದು ಅಭ್ಯಾಸವಾಯಿತು. ಹೂವನ್ನು ಚೀಪಿ ಎಸೆದ ಬಾಲ್ಯದಲ್ಲಿ ಕಾಣದಿದ್ದ ಎಷ್ಟೋ ವಿಷಯ ಈಗ ಕಂಡಿತು.

ಗೊಂಚಲಿನ ಒಂದೊಂದು ಹೂವಿಗೂ ನಾಲ್ಕು ದಳ. ಕೆಳಗೆ ಮೂರು ನಾಲ್ಕು ಸೆಂಟಿಮೀಟರು ಉದ್ದದ, ಸೂಜಿಯಂಥ ಸಣ್ಣ ನಳಿಕೆ. ಮಕರಂದವಿರುವುದು ಅದರ ಅಡಿಯಲ್ಲಿ. ನಮ್ಮ ತುಡುವೆ ಜೇನಿನ ನಾಲಗೆ ಅರ್ಧ ಸೆಂಟಿಮೀಟರಿನಷ್ಟು. ಬಾವಿ ಆಳ, ಹಗ್ಗ ಗಿಡ್ಡ! ಕೆಂಪು ಬಣ್ಣವೂ ಜೇನಿನ ಕಣ್ಣಿಗೆ ಚೆನ್ನಾಗಿ ಕಾಣುವುದಲ್ಲ. ಚಿಟ್ಟೆಗಳಿಗಾದರೋ ಸುರುಳಿ ಸುತ್ತಿದ ನೀಳ ನಾಲಗೆಯುಂಟು. ದೊಡ್ಡ ಬಾಲದ ಚಿಟ್ಟೆಗಳ ಬಳಗಕ್ಕೆ ಕೆಂಪು ಎದ್ದು ಕಾಣುತ್ತದೆ. ಈ ಹೂ ಅವುಗಳಿಗೆಂದೇ ಅಳತೆ ತೆಗೆದು ಹೊಲಿದ ಅಂಗಿ. ಸೂರಕ್ಕಿಯೂ ಆಗಾಗ ಬಂದು ಕೊಕ್ಕು ಹಾಕುವುದುಂಟು. ಜೇನು ಬೇಕೆನ್ನುವವರು ಪಕ್ಕದಲ್ಲೊಂದು ತುಳಸಿಯನ್ನೋ ನಾಲ್ಕು ತುಂಬೆಯನ್ನೋ ಬೆಳೆಸಿದರಾಯಿತು.

ಇನ್ನು ಹೂವಿನ ಒಳಗಿನ ಏರ್ಪಾಡು. ಸಾಮಾನ್ಯವಾಗಿ ಪರಾಗವನ್ನು ಕೊಡುವುದು ಕೇಸರ, ಪಡೆಯುವುದು ಶಲಾಕೆಯ ತುದಿ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಕೇಪಳದಲ್ಲಿ ಮೊಗ್ಗು ಬಿರಿಯುವ ಮುನ್ನವೇ ಪರಾಗಕೋಶಗಳು ಒಡೆದು, ತಮ್ಮ ಪರಾಗವನ್ನು ಮುಚ್ಚಿದ ಶಲಾಕಾಗ್ರದ ಹೊರಮೈಗೆ ಬಳಿದುಬಿಡುತ್ತವೆ. ಹೂ ಅರಳಿದಾಗ ನಳಿಕೆಯಿಂದ ಹೊರಗೆ ಕಡ್ಡಿಯಂತೆ ಚಾಚಿ ನಿಲ್ಲುವ ಶಲಾಕೆಯೇ ಪರಾಗವನ್ನು ಹಿಡಿದು ನಿಂತಿರುತ್ತದೆ. ನಾಲಗೆ ಇಳಿಬಿಡಲು ಬಂದ ಚಿಟ್ಟೆಯ ಮುಖಕ್ಕೆ ಅದು ಮೆತ್ತಿಕೊಳ್ಳುತ್ತದೆ. ಅನಂತರವೇ ಶಲಾಕಾಗ್ರ ಎರಡಾಗಿ ಸೀಳಿ, ಹಿಂದಕ್ಕೆ ಬಾಗಿ, ಒಳಮೈಯನ್ನು ತೋರಿಸುತ್ತದೆ; ಬೇರೆ ಹೂವಿನಿಂದ ಬಂದ ಪರಾಗ ಹಿಡಿಯುವುದು ಅಲ್ಲಿ. ಮೊದಲು ದಾನಿ, ಆಮೇಲೆ ಪ್ರತಿಗ್ರಾಹಿ; ಎರಡು ಪಾತ್ರಕ್ಕೂ ಒಂದೇ ಕಡ್ಡಿ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಮೊಗ್ಗಿನ ತೊಟ್ಟಿಗೆ ಬಣ್ಣದ ದಾರ ಕಟ್ಟಿಸಿ, ದಿನವೂ ಭೂತಗನ್ನಡಿ ಹಿಡಿದು ನೋಡಲು ಹೇಳಿದ್ದೆ. ಸಂಧಿಯ ಪಾಠದಲ್ಲಿ ಆಕಳಿಸುವ ಹುಡುಗನೊಬ್ಬ ಮೂರನೆಯ ದಿನ ಸ್ಟಾಫ್ ರೂಮಿಗೇ ಓಡಿಬಂದು, “ಸಾರ್, ಬಾಯಿ ಬಿಡ್ತು!” ಎಂದು ಕೂಗಿದನು.

ಹೂವಿನ ರಸ ಕುಡಿದು ಹೋಗುವುದರಿಂದಷ್ಟೇ ಚಿಟ್ಟೆಯ ಸಂಸಾರ ನಡೆಯದು. ಹುಳುವಾಗಿದ್ದಾಗ ಅದಕ್ಕೆ ಎಲೆ ಬೇಕು, ಅದೂ ತನ್ನದೇ ಆದ ಎಲೆ. ಕಾಮನ್ ಮಾರ್ಮನ್ ಎಂಬ ಕರಿಯ ಚಿಟ್ಟೆಯ ಹುಳುವಿಗೆ ಕರಿಬೇವು, ನಿಂಬೆ ಬೇಕು. ಕರಿಬೇವಿನ ಎಲೆ ಕಡಿದ ಹಸಿರು ಹುಳುವನ್ನು ಕಂಡ ಕೂಡಲೆ ಚಪ್ಪಲಿಯಿಂದ ಒರೆಸಿ, ಆ ಮೇಲೆ ಕೇಪಳಕ್ಕೆ ಚಿಟ್ಟೆ ಏಕೆ ಬರುವುದಿಲ್ಲವೆಂದು ಕೇಳುವವರುಂಟು. ಕ್ರಿಮ್ಸನ್ ರೋಸ್ ಎಂಬ ಕಪ್ಪುರೆಕ್ಕೆ ಕೆಂಪುಮೈಯ ಚೆಲುವೆಗೆ ಬೇಕಾದದ್ದು ಈಶ್ವರಿಬಳ್ಳಿ. ಆ ಬಳ್ಳಿಯ ವಿಷವನ್ನು ಹುಳು ಮೈಯಲ್ಲಿ ಸೇರಿಸಿಕೊಳ್ಳುವುದರಿಂದ ಹಕ್ಕಿಗಳು ಈ ಚಿಟ್ಟೆಯನ್ನು ಮುಟ್ಟವು. ಇದನ್ನು ಬಲ್ಲವರಂತೆ ಕೆಲವು ಹೆಣ್ಣು ಮಾರ್ಮನ್‌ಗಳು ಕ್ರಿಮ್ಸನ್ ರೋಸಿನ ವೇಷವನ್ನೇ ಕಟ್ಟಿ ತಿರುಗುತ್ತವೆ! ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗಿನ ಹುಳುವಿಗೂ ಈಶ್ವರಿಬಳ್ಳಿಯ ಕುಲವೇ ಆಹಾರ. ಕರಿ ಮುಂರೆಕ್ಕೆ, ಹೊಂಬಣ್ಣದ ಹಿಂರೆಕ್ಕೆ, ರೆಕ್ಕೆಯ ಹರವು 190 ಮಿಲಿಮೀಟರಿನವರೆಗೂ ಉಂಟು. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ ಒಂದು 194 ಮಿಲಿಮೀಟರು ಅಳೆಯುವವರೆಗೆ ಭಾರತದ ಅತಿ ದೊಡ್ಡ ಚಿಟ್ಟೆಯೆಂಬ ಕೀರ್ತಿ ಇದರದೇ ಆಗಿತ್ತು. ಈಶ್ವರಿಯ ಮಡಿಲಲ್ಲಿ ಬೆಳೆದು ಈಶ್ವರನ ಹೆಸರಿನ ಹೂವಿಗೆ ಬರುವ ಚಿಟ್ಟೆ! ಹೆಸರಿಟ್ಟವರು ಒಬ್ಬರನ್ನೊಬ್ಬರು ಕಂಡವರಲ್ಲ. ಒಂದು ಎಚ್ಚರಿಕೆ: ಈಶ್ವರಿಯನ್ನು ಬೆಳೆಸಬಹುದು, ಹಳೆಯ ಮದ್ದೆಂದು ಬಾಯಿಗೆ ಹಾಕಬಾರದು, ಅದರ ವಿಷ ಮೂತ್ರಪಿಂಡವನ್ನು ಕೆಡಿಸುವುದೆಂದು ಸಿದ್ಧವಾಗಿದೆ.

ಕೇಪಳಕ್ಕೆ ರೋಗ ಕಡಿಮೆ. ಕೆಲವೊಮ್ಮೆ ಚಿಗುರಿನ ಸಂದಿಯಲ್ಲಿ ಬಿಳಿಯ ಹಿಟ್ಟು ತಿಗಣೆ ಸೇರುತ್ತದೆ. ಅದರ ಜಿನುಗಿಗೆ ಇರುವೆ ಮುತ್ತುತ್ತದೆ, ಎಲೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಸಾಬೂನಿನ ತಿಳಿನೀರಿನಿಂದ ತೊಳೆದು ಮರುದಿನ ಬರಿ ನೀರು ಹೊಯ್ದರೆ ಸಾಕು. ಘಾಟು ಮದ್ದು ಹೊಡೆದರೆ ತಿಗಣೆಯೊಡನೆ ಚಿಟ್ಟೆಗೂ ಉಣಿಸಿದಂತಾಯಿತು.

ಕತ್ತರಿಯ ವಿಷಯ ಮಾತ್ರ ನನಗೆ ತಡೆಯಲಾರದ್ದು. ಪಾರ್ಕುಗಳಲ್ಲಿ, ಕಚೇರಿಗಳ ಮುಂದೆ, ನಮ್ಮ ಶಾಲೆಯ ಮುಂದೆಯೂ ಇಕ್ಸೋರಾ ಬೇಲಿಯುಂಟು. ತಿಂಗಳಿಗೊಮ್ಮೆ ಅದರ ತಲೆಯನ್ನು ಪೆಟ್ಟಿಗೆಯಂತೆ ಸಮತಟ್ಟು ಮಾಡುತ್ತಾರೆ. ಕೇಪಳ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ತುದಿಯನ್ನೇ ಸವರುತ್ತ ಹೋದರೆ ಹೂ ಎಲ್ಲಿಂದ ಬರಬೇಕು? ಗೊಂಚಲು ಬಾಡಿದ ಮೇಲೆ ಅದರ ಕೆಳಗಿನ ಎರಡು ಜೊತೆ ಎಲೆಯಷ್ಟು ತೆಗೆಯಬೇಕು. ಎಲೆಗಳು ಎದುರುಬದುರಾಗಿರುವುದರಿಂದ ಒಂದು ತುದಿ ಹೋದಲ್ಲಿ ಎರಡು ಚಿಗುರು ಬರುತ್ತವೆ, ಮುಂದಿನ ಸಲ ಒಂದರ ಜಾಗದಲ್ಲಿ ಎರಡು ಗೊಂಚಲು. ನಾಲ್ಕಾರು ಗೊಂಚಲನ್ನು ಕಾಯಾಗಲು ಬಿಟ್ಟರೆ ಬಟಾಣಿ ಗಾತ್ರದ ಹಣ್ಣು ಕೆಂಪಾಗಿ ಕರಿಗೆಂಪಿಗೆ ತಿರುಗುವುದು. ಪಿಕಳಾರಗಳಿಗೆ ಹಬ್ಬ, ಮಕ್ಕಳಿಗೂ ಅಷ್ಟೆ. ಶಾಲೆಯ ಬೇಲಿಯ ಒಂದು ಬದಿಯನ್ನಾದರೂ ಕತ್ತರಿಯಿಂದ ಉಳಿಸಿಕೊಡಿರೆಂದು ಮುಖ್ಯೋಪಾಧ್ಯಾಯರನ್ನು ಎರಡು ವರ್ಷ ಬೇಡಿದೆ. ಶಿಸ್ತು ಕೆಡುತ್ತದೆಂಬುದು ಅವರ ಅಂಜಿಕೆ. ಕೊನೆಗೆ ಸೈಕಲ್ ನಿಲ್ಲಿಸುವ ಕಡೆಯ ಬದಿಯನ್ನು ಬಿಟ್ಟುಕೊಟ್ಟರು. ಅಲ್ಲೀಗ ಹೂವಿದೆ.

ಊರಿನ ಆ ಗುಡ್ಡ ಈಗ ಇಲ್ಲ. ನಾನು ಗಿಡ ಕಿತ್ತ ಮೂರನೆಯ ವರ್ಷ ಅಲ್ಲಿ ಕೆಂಪುಕಲ್ಲಿನ ಕೋರೆ ತೆರೆಯಿತು. ಯಂತ್ರ ಬಂದು ಮುರಕಲ್ಲನ್ನು ಇಟ್ಟಿಗೆಯಂತೆ ಕೊಯ್ದು ಲಾರಿಗೇರಿಸಿತು. ಯಾರನ್ನೂ ದೂರುವಂತಿಲ್ಲ, ನಾನು ಹುಟ್ಟಿದ ಮನೆಯ ಗೋಡೆಯೂ ಅದೇ ಕಲ್ಲಿನದು. ಆದರೆ ಕಲ್ಲಿನ ಮೇಲಣ ಒಂದು ಗೇಣು ಮಣ್ಣಿನೊಡನೆ ಕೇಪಳವೂ ಹೋಯಿತು, ಕುಂಟಾಲವೂ ಹೋಯಿತು, ಶಾಲೆಯ ದಾರಿಯೂ ಹೋಯಿತು. ಅಲ್ಲೀಗ ಮಳೆಗಾಲದಲ್ಲಿ ನೀರು ತುಂಬುವ ಚೌಕದ ಹೊಂಡ. ದೀಪಾವಳಿಗೆ ಹೋದಾಗ ಅಮ್ಮ, “ನಮ್ಮ ಗುಡ್ಡೆಯ ಕೇಪಳ ಈಗ ನಿನ್ನಲ್ಲಿ ಮಾತ್ರ ಉಂಟು, ನೋಡು” ಎಂದರು. ಹೇಳುವಾಗ ಧ್ವನಿಯಲ್ಲಿ ದೂರೇನೂ ಇರಲಿಲ್ಲ. ನಾನು ಬೂದಿ ಹಾಕಿದ್ದು ನೆನಪಾಗಿ ಮೈ ಜುಮ್ಮೆಂದಿತು.

ಈ ಸಲದ ಮಳೆಗೆ ಹನ್ನೆರಡು ಕಡ್ಡಿ ನೆಟ್ಟಿದ್ದೆ. ಏಳು ಹಿಡಿದಿವೆ. ಎರಡು ಶಾಲೆಗೆ, ಒಂದು ವಿಜ್ಞಾನದ ಅಧ್ಯಾಪಕಿಯವರ ಮನೆಗೆ. ಮಿಕ್ಕ ನಾಲ್ಕನ್ನು ಹಾಲಿನ ಖಾಲಿ ತೊಟ್ಟೆಗಳಲ್ಲಿ ಇಟ್ಟಿದ್ದೇನೆ. ತಮ್ಮ ಬರುವ ತಿಂಗಳು ಬಂದಾಗ ಬಸ್ಸಿನಲ್ಲಿ ಊರಿಗೆ ಒಯ್ಯುವನಂತೆ. ಹೊಂಡದ ಅಂಚಿನಲ್ಲಿ ಇನ್ನೂ ಸ್ವಲ್ಪ ಮುರಮಣ್ಣು ಉಳಿದಿದೆಯೆಂದು ಅಮ್ಮ ಜಾಗ ನೋಡಿಟ್ಟಿದ್ದಾರೆ.